‘ಡಿಸರ್ನ್‌ಮೆಂಟ್‌’ಗೆ ‘ವಿವೇಚನೆ’ ಸಾಕಾ?

ನಮಸ್ಕಾರ. ಒಂದು ಪದ ವಾರದಿಂದ ತಲೆ ತಿನ್ನುತ್ತಿದೆ.

2025ರ ಏಪ್ರಿಲ್ 21ರಂದು, ಈಸ್ಟರ್ ಮರುದಿನ, ತೀರಿಕೊಂಡ ಪೋಪ್ ಫ್ರಾನ್ಸಿಸ್ ನೆನಪಿಗೆ ಬೆಂಗಳೂರಿನ ನಮ್ಮ ಚರ್ಚಿನವರು ಒಂದು ಪುಟ ಬರೆದುಕೊಡಿ ಅಂದರು. ಒಪ್ಪಿಕೊಂಡೆ. ಯೇಸುಸಭೆಯಿಂದ (ಜೆಸ್ವಿಟ್ ಗುರುಗಳ ಸಂಘ) ಪೋಪ್ ಆದವರಲ್ಲಿ ಅವರೇ ಮೊದಲಿಗರು. 1958ರಲ್ಲಿ, 21ನೇ ವಯಸ್ಸಿಗೆ ಆ ಸಭೆ ಸೇರಿದವರು. ಮಾತೆತ್ತಿದರೆ ‘ಡಿಸರ್ನ್‌ಮೆಂಟ್’ ಅನ್ನುತ್ತಿದ್ದರು, ಅಂದರೆ ಮನಸ್ಸಿನ ಸೆಳೆತಗಳನ್ನು ಗಮನಿಸಿ ದೇವರು ತೋರುವ ದಾರಿ ಯಾವುದು ಅಂತ ಗುರುತಿಸುವುದು. 2022ರ ಆಗಸ್ಟ್ ಕೊನೆಯಿಂದ ತಿಂಗಳುಗಟ್ಟಲೆ ಬುಧವಾರದ ಉಪದೇಶಗಳಲ್ಲಿ ಅದನ್ನೇ ಬಿಡಿಸಿ ಹೇಳಿದರು.

ನಾನು ‘ವಿವೇಚನೆ’ ಅಂತ ಬರೆದೆ. ಓದಿದ ಚಿಕ್ಕಮ್ಮ, “ಇದು ಕೋರ್ಟ್ ಭಾಷೆ ಅಲ್ವಾ? ‘ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು’ ಅಂತಾರಲ್ಲ” ಅಂದರು. ಅವರು ಹೇಳಿದ್ದು ಸರಿ. ವಿವೇಚನೆ ಪೂರ್ತಿ ತಲೆಯ ಕೆಲಸ. ಫ್ರಾನ್ಸಿಸ್ ಹೇಳುತ್ತಿದ್ದದ್ದು ಹುಟ್ಟಿದ ಜಾಗ ಬೇರೆ.

1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕಾಳಗದಲ್ಲಿ, ಮುಂದೆ ಯೇಸುಸಭೆ ಕಟ್ಟಿದ ಲೊಯೋಲಾದ ಇಗ್ನೇಷಿಯಸ್ ಕಾಲಿಗೆ ಫಿರಂಗಿ ಗುಂಡು ಬಡಿಯಿತು. (ನಮ್ಮ ಕಡೆಯ ಇನ್ನಾಸಪ್ಪಂದಿರ ಹೆಸರು ಇವರದ್ದೇ.) ಹಾಸಿಗೆಯಲ್ಲಿ ಓದಲು ವೀರರ ಕಥೆ ಕೇಳಿದರೆ ಸಿಕ್ಕಿದ್ದು ಕ್ರಿಸ್ತನ ಚರಿತ್ರೆ, ಸಂತರ ಕಥೆ. ಶೌರ್ಯದ ಕನಸು ಕಾಣುವಾಗ ಖುಷಿಯೋ ಖುಷಿ, ಮುಗಿದ ಮೇಲೆ ಮನಸ್ಸು ಒಣ ಒಣ. ಸಂತರ ಹಾಗೆ ಬಾಳಬೇಕು ಅಂದುಕೊಂಡಾಗ ಮಾತ್ರ ಖುಷಿ ಆಮೇಲೂ ಉಳಿಯುತ್ತಿತ್ತು. ಹಿಂದೆ ಏನು ಉಳಿಯಿತು ಅಂತ ನೋಡಿ ದಾರಿ ಆರಿಸಿಕೊಳ್ಳುವುದು ಅವರಿಗೆ ಅಲ್ಲಿಂದ ಶುರುವಾಯಿತು.

ಆಗ ನೆನಪಾಗಿದ್ದು ನಗರ್ತಪೇಟೆಯ ಚಿನ್ನದಂಗಡಿ. ಬಳೆಯ ಅಂಚನ್ನು ಆಚಾರಿ ಕರೀ ಕಲ್ಲಿಗೆ ಉಜ್ಜಿದರು. ಬಳೆ ಪಕ್ಕಕ್ಕಿಟ್ಟರು. ಕಲ್ಲಿನ ಮೇಲೆ ಉಳಿದ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿದರು. ‘ಒರೆಹಚ್ಚಿ ನೋಡುವುದು’ ಸರಿಯಾಗಿ ಕೂರುತ್ತೆ ಅನ್ನಿಸಿತು. ‘ಮನಗಾಣು’ ಕೂಡ ಚೆನ್ನಾಗಿದೆ. ಆದರೆ ಅದು ಹುಡುಕಾಟ ಮುಗಿದ ಮೇಲಿನ ಮಾತು.

ತೊಡಕು ಇಷ್ಟೇ. ಈಗ ‘ಒರೆಹಚ್ಚು’ ಅಂದರೆ ಇನ್ನೊಬ್ಬರ ಪ್ರತಿಭೆ ಅಳೆಯುವುದು ಅಂತಲೇ ಬಳಕೆ ಜಾಸ್ತಿ. ತನ್ನ ಮನಸ್ಸನ್ನೇ ಒರೆಹಚ್ಚುವುದು ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ನಾಮಪದ ಬೇಕಾದಾಗ ‘ಒರೆನೋಟ’ ಅಂತ ಕಟ್ಟಬಹುದಾ? ಚಿಕ್ಕಮ್ಮನಿಗೆ ಅದನ್ನು ಕೇಳಿ ಕತ್ತಿಯ ಒರೆ ನೆನಪಾಯಿತಂತೆ. ಇಗ್ನೇಷಿಯಸ್ ಬೇರೆ ತಮ್ಮ ಕತ್ತಿಯನ್ನು ಮೊಂಟ್ಸೆರಾಟ್‌ನಲ್ಲಿ ಮರಿಯ ಮಾತೆಯ ಪೀಠದ ಬಳಿ ಬಿಟ್ಟು ಬಂದವರು!

ಭಾನುವಾರದೊಳಗೆ ಪುಟ ಕೊಡಬೇಕು. ಬಲ್ಲವರು ಹೇಳಿ.