ಪದಚರ್ಚೆ: ‘ಪಳಗಿಸು’, ‘ಸಾಕು’, ‘ಒಕ್ಕಲಾಗು’ – ಡೊಮೆಸ್ಟಿಕೇಶನ್‌ಗೆ ಯಾವುದು ಸರಿ?

ಎಲ್ಲರಿಗೂ ನಮಸ್ಕಾರ.

ನಾಯಿ ಮನುಷ್ಯನ ಜೊತೆಗಾರನಾದ ಕತೆಯನ್ನು ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ‘ಡೊಮೆಸ್ಟಿಕೇಶನ್’, ಅಂದರೆ ಕಾಡಿನ ಪ್ರಾಣಿ ಅಥವಾ ಗಿಡ ಪೀಳಿಗೆಯಿಂದ ಪೀಳಿಗೆಗೆ ಬದಲಾಗುತ್ತ ಮನುಷ್ಯನ ಜೊತೆ ಬಾಳುವಂತಾಗುವುದು, ಅನ್ನುವ ಕಡೆ ಪೆನ್ನು ನಿಂತುಬಿಟ್ಟಿದೆ. ನಿಮ್ಮ ಸಹಾಯ ಬೇಕು.

ನಾವು ಸಾಮಾನ್ಯವಾಗಿ ‘ಪಳಗಿಸುವುದು’ ಎಂದು ಬರೆಯುತ್ತೇವೆ. ಆದರೆ ‘ಪಳಗಿದ ಕೈ’ ಅನ್ನುತ್ತೇವಲ್ವಾ, ಅಲ್ಲಿರುವುದು ಅಭ್ಯಾಸದ ಅರ್ಥ. ಅದು ಒಂದು ಜೀವದ ಆಯಸ್ಸಿನೊಳಗೇ ಮುಗಿಯುತ್ತದೆ. ಆನೆಯನ್ನೇ ನೋಡಿ. ಸಾವಿರಾರು ವರ್ಷಗಳಿಂದ ಅದನ್ನು ಕಾಡಿನಿಂದ ಹಿಡಿದು ಪಳಗಿಸಿದ್ದಾರೆ. ಆದರೂ ಅದು ಬೇರೆ ತಳಿಯಾಗಲಿಲ್ಲ. ಮರಿ ಹುಟ್ಟಿದರೆ ಅದನ್ನೂ ಮೊದಲಿಂದ ಪಳಗಿಸಬೇಕು. ತೋಳ ನಾಯಿಯಾದದ್ದು ಹಾಗಲ್ಲ. ಅಲ್ಲಿ ಬದಲಾದದ್ದು ಪೀಳಿಗೆಗಳೇ. ಹಲ್ಲು ಚಿಕ್ಕದಾಯಿತು, ಪಿಷ್ಟ ಅರಗಿಸಲು ನೆರವಾಗುವ ಜೀನ್‌ನ ಪ್ರತಿಗಳು ಜಾಸ್ತಿಯಾದವು.

ನನ್ನ ಅನುಮಾನ ಗಟ್ಟಿಯಾದದ್ದು ಸೈಬೀರಿಯಾದ ನರಿಗಳಿಂದ. 1959ರಲ್ಲಿ ಸೋವಿಯತ್ ತಳಿವಿಜ್ಞಾನಿ ಡಿಮಿಟ್ರಿ ಬೆಲ್ಯಾಯೆವ್ ಶುರುಮಾಡಿದ ಪ್ರಯೋಗ ಅದು. ಅವರ ಸಹೋದ್ಯೋಗಿ ಲ್ಯುಡ್ಮಿಲಾ ಟ್ರುಟ್ ಅದನ್ನು ದಶಕಗಳ ಕಾಲ ಮುಂದುವರಿಸಿದರು. ಮನುಷ್ಯರಿಗೆ ಕಡಿಮೆ ಹೆದರುವ ನರಿಗಳನ್ನು ಆರಿಸಿ ಅವುಗಳಿಂದಲೇ ಮರಿ ಪಡೆಯುತ್ತ ಹೋದರು. ಯಾವ ನರಿಗೂ ತರಬೇತಿ ಕೊಡಲಿಲ್ಲ. ಬೇಕೆಂದೇ ಕೊಡಲಿಲ್ಲ! ಆದರೂ ಕೆಲವು ಪೀಳಿಗೆಗಳಲ್ಲಿ ಜನರನ್ನು ಕಂಡು ಬಾಲ ಅಲ್ಲಾಡಿಸುವ ಮರಿಗಳು ಹುಟ್ಟಿದವು. ಯಾರೂ ಪಳಗಿಸದೆಯೇ ಆದದ್ದನ್ನು ‘ಪಳಗಿಸಿದರು’ ಎಂದು ಹೇಗೆ ಬರೆಯಲಿ?

ರೇಷ್ಮೆಹುಳುವಿಗೂ ಈ ಪದ ಕೂರುವುದಿಲ್ಲ. ಅದರ ಚಿಟ್ಟೆ ಹಾರುವುದನ್ನೇ ಮರೆತಿದೆ, ಆದರೆ ‘ಪಳಗಿದ ಚಿಟ್ಟೆ’ ಅಂದರೆ ಕಿವಿಗೆ ಹಿತವೇ? ಗೋಧಿಗಂತೂ ಕೇಳುವುದೇ ಬೇಡ.

‘ಸಾಕು’ ನನಗೆ ತುಂಬ ಇಷ್ಟದ ಪದ. ಜರ್ಮನಿಯ ಓಬರ್‌ಕಾಸೆಲ್‌ನಲ್ಲಿ ಸುಮಾರು 14,000 ವರ್ಷ ಹಳೆಯ ಸಮಾಧಿಯೊಂದು 1914ರಲ್ಲಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಒಂದು ಎಳೆಯ ನಾಯಿ. ಆ ನಾಯಿ ಕಾಯಿಲೆ ಬಿದ್ದು ವಾರಗಟ್ಟಲೆ ನರಳಿತ್ತು, ಯಾರೋ ಆರೈಕೆ ಮಾಡದಿದ್ದರೆ ಅಷ್ಟು ದಿನ ಬದುಕುತ್ತಿರಲಿಲ್ಲ ಎಂದು ಅದರ ಹಲ್ಲು ನೋಡಿದ ಸಂಶೋಧಕರು ಹೇಳುತ್ತಾರೆ. ಇದಕ್ಕೆ ‘ಸಾಕಿದರು’ ಅನ್ನುವುದಕ್ಕಿಂತ ಒಳ್ಳೆಯ ಮಾತಿಲ್ಲ. ಆದರೆ ತೋಳದ ಮರಿಯನ್ನೂ ಸಾಕಬಹುದು. ಸಾಕಿದ ಮಾತ್ರಕ್ಕೆ ಅದು ನಾಯಿಯಾಗುವುದಿಲ್ಲ.

ಇನ್ನೊಂದು ತೊಡಕು ‘ಇಸು’ ಪ್ರತ್ಯಯದ್ದು. ಅದನ್ನು ಹಚ್ಚಿದ ಕೂಡಲೇ ಎಲ್ಲವನ್ನೂ ಮನುಷ್ಯನೇ ಮಾಡಿದ ಹಾಗಾಗುತ್ತದೆ. ಬೆಕ್ಕನ್ನು ಯಾರೂ ಹಿಡಿದು ತಂದಂತಿಲ್ಲ. ಕಾಳಿನ ರಾಶಿಗೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು, ಅಲ್ಲೇ ಉಳಿಯಿತು.

ಹಾಗಾಗಿ ನನಗೆ ಹೊಳೆದದ್ದು ‘ಒಕ್ಕಲಾಗು’. ಹೊಸ ಮನೆ ಹೊಗುವುದಕ್ಕೆ ‘ಮನೆ ಒಕ್ಕಲು’ ಅನ್ನುತ್ತೇವೆ. ಡೊಮೆಸ್ಟಿಕೇಶನ್‌ನ ಬೇರಾದ ಲ್ಯಾಟಿನ್ ‘ಡೋಮುಸ್’ ಕೂಡ ಮನೆಯೇ. ‘ಬೆಕ್ಕು ಒಕ್ಕಲಾಯಿತು’, ‘ಕುರಿಯನ್ನು ಒಕ್ಕಲಾಗಿಸಿದರು’ – ಎರಡೂ ಹೇಳಬಹುದು. ಗೋಧಿಗೂ ನಡೆದೀತು.

ಅಳುಕು ಒಂದೇ. ‘ಒಕ್ಕಲು’ ಅಂದರೆ ಬೇಸಾಯ, ಗೇಣಿ ಎಂದೂ ಅರ್ಥವಿದೆ. ಕುರಿ, ಮೇಕೆ, ದನಗಳಿಗೆ ಬೇಸಾಯದ ನಂಟು ಸರಿಹೋಗುತ್ತದೆ. ನಾಯಿ ಬಂದದ್ದು ಮಾತ್ರ ಬೇಸಾಯಕ್ಕಿಂತ ಸಾವಿರಾರು ವರ್ಷ ಮೊದಲು. ಆಗ ಒಂದೇ ಕಡೆ ನೆಲೆನಿಂತ ಮನೆಯೂ ಇರಲಿಲ್ಲ.

‘ನಾಯಿ ಒಕ್ಕಲಾಯಿತು’ ಅಂದರೆ ನಿಮಗೆ ಮೊದಲು ಏನು ಹೊಳೆಯುತ್ತದೆ? ಕುರಿ ಕಾಯುವವರು, ದನ ಕಟ್ಟುವವರು ಆಡುವ ಬೇರೆ ಮಾತು ಗೊತ್ತಿದ್ದರೆ ದಯವಿಟ್ಟು ತಿಳಿಸಿ.