ಅರಳಿ (ಹತ್ತಿ) ರಾಶಿಗೆ ಬೆಂಕಿ ಆರಿಸೋ ಪೌಡರ್ ಹೊಡೆದ ಮ್ಯಾಲೂ ಮತ್ತ ಹೊಗಿ ಯಾಕ?

ಜಿನ್ನಿಂಗ್ ಸೂಪರ್‌ವೈಸರ್, ರಾಯಚೂರು:
ನಮ್ಮ ಹತ್ತಿ ಮಿಲ್ಲಿನಾಗ ಎಲ್ಲಾ ಕಡೆ ಬೆಂಕಿ ಆರಿಸೋ 6 ಕೆಜಿಯ ಎಬಿಸಿ (ಎ, ಬಿ, ಸಿ ವರ್ಗದ ಬೆಂಕಿಗೆ ಅನ್ನೋ) ಪೌಡರ್ ಸಿಲಿಂಡರ್ ಹಾಕ್ಯಾರ. ಮಾರಿದವರು ‘ಎಲ್ಲಾ ಬೆಂಕಿಗೂ ಇದೊಂದೇ ಸಾಕು’ ಅಂದಿದ್ರು. ಹೋದ ವಾರ ಬಿಡಿ ಅರಳಿ ರಾಶಿಗೆ ಕಿಡಿ ಬಿತ್ತು. ಹಮಾಲರೊಬ್ಬರು ಪಿನ್ ಕಿತ್ತು ಹೊಡೆದ್ರು, ಉರಿ ಆರ್ತು. ಅರ್ಧ ತಾಸಿಗೆ ಅದೇ ರಾಶಿಯಿಂದ ಮತ್ತ ಹೊಗಿ! ಕೋಲಿನಿಂದ ಕೆದರಿದ್ರ ಒಳಗ ಕೆಂಪಗ ಕೆಂಡ. ಸಿಲಿಂಡರ್ ಕೆಟ್ಟಿತ್ತೇನ್ರಿ?

ನಿವೃತ್ತ ಅಗ್ನಿಶಾಮಕ ಸಿಬ್ಬಂದಿ:
ಸಿಲಿಂಡರ್ ಕೆಟ್ಟಿರಲಿಲ್ರಿ. ಪೌಡರ್ ಮ್ಯಾಲಿನ ಉರಿ ಆರಿಸ್ತದ, ಅರಳಿ ಹೊಟ್ಟಿಯೊಳಗ ಇಳಿಯಂಗಿಲ್ಲ. ಎಳಿ ಎಳಿ ನಡುವ ಗಾಳಿ ಇರ್ತದ, ಕೆಂಡಕ್ಕ ಅಷ್ಟೇ ಸಾಕು. ಹತ್ತಿ, ಬಟ್ಟಿ, ಕಟ್ಟಿಗಿ ಬೆಂಕಿ ‘ಎ’ ವರ್ಗ. ಇವಕ್ಕ ತಂಪು ಬೇಕು, ಅಂದ್ರ ನೀರು. 9 ಲೀಟರಿನ ನೀರಿನ ಸಿಲಿಂಡರ್ ಇಡ್ರಿ, ಉದ್ದನೆ ಪೈಪ್ ಜೋಡಿಸಿಟ್ಟಿರ್ರಿ. ಮೊದಲ ಉರಿಗೆ ಪೌಡರ್ ಹೊಡೀರಿ, ಆದರ ಅಷ್ಟಕ್ಕೇ ಮನಿಗೆ ಹೋಗಬ್ಯಾಡ್ರಿ. ರಾಶಿ ಬಯಲಿಗೆ ಎಳೆದು, ಕೆದರಿ, ತೋಯಿಸಿ, ಆ ರಾತ್ರಿ ಒಬ್ಬರನ್ನ ಕಾವಲಿಗೆ ಕೂಡಿಸ್ರಿ. ಅದನ್ನ ಗೋದಾಮಿಗೆ ವಾಪಸ್ ತಂದ್ರ ಗೋದಾಮೇ ಹೋಗ್ತದ.

ಪ್ಯಾನೆಲ್ ಬೋರ್ಡಿಗೆ ಮಾತ್ರ ನೀರು ಹಾಕಬ್ಯಾಡ್ರಿ. ಮೊದಲು ಮೇನ್ ಆಫ್, ಆಮ್ಯಾಲ ಸಿಓಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಸಿಲಿಂಡರ್). ಅದೇ ಸಿಓಟುನ ಅರಳಿ ಮ್ಯಾಲ ಹೊಡೀಬ್ಯಾಡ್ರಿ, ಅದರ ರಭಸಕ್ಕ ಉರಿಯೋ ಎಳಿ ಹಾರಿ ಪಕ್ಕದ ರಾಶಿಗೆ ಬೀಳ್ತದ. ಜನರೇಟರ್ ಡೀಸೆಲ್ ‘ಬಿ’ ವರ್ಗ, ಅಲ್ಲಿ ಪೌಡರ್ ಸರಿ.

ಕ್ಯಾಂಟೀನ್ ನಡೆಸುವವ, ಗಂಗಾವತಿ:
ಮಿರ್ಚಿ ಬಾಂಡ್ಲಿ ಎಣ್ಣಿಗೆ ಬೆಂಕಿ ಹತ್ತಿದ್ರ?

ನಿವೃತ್ತ ಅಗ್ನಿಶಾಮಕ ಸಿಬ್ಬಂದಿ:
ಗ್ಯಾಸ್ ಬಂದ್ ಮಾಡಿ ಅಗಲ ಮುಚ್ಚಳ ಮುಚ್ರಿ, ಬಾಂಡ್ಲಿ ಎತ್ತಬ್ಯಾಡ್ರಿ. ನೀರು ಬಿದ್ರ ಆವಿಯಾಗಿ ಸಿಡಿದು, ಉರಿಯೋ ಎಣ್ಣಿ ಮಾರಿಗೆ ಬರ್ತದ. ಇದಕ್ಕ ವೆಟ್ ಕೆಮಿಕಲ್ (ಎಣ್ಣಿ ಬೆಂಕಿಗೆ ಅಂತನ ಮಾಡಿದ ದ್ರವದ) ಸಿಲಿಂಡರ್ ಬ್ಯಾರೇನೇ ಸಿಗ್ತದ. ಉರಿ ಕೈ ಮೀರಿದ್ರ ಎಲ್ಲಾ ಬಿಟ್ಟು ಹೊರಗ ಬಂದು 112ಕ್ಕ ಫೋನ್ ಮಾಡ್ರಿ.

ಜಿನ್ನಿಂಗ್ ಸೂಪರ್‌ವೈಸರ್, ರಾಯಚೂರು:
ಪ್ಯಾನೆಲ್ ರೂಮಿನಾಗ ಹಳೇದೊಂದು ಸಿಓಟು ಸಿಕ್ತು. ಅದಕ್ಕ ಒತ್ತಡ ತೋರಿಸೋ ಮುಳ್ಳೇ ಇಲ್ಲಲ್ರಿ?

ನಿವೃತ್ತ ಅಗ್ನಿಶಾಮಕ ಸಿಬ್ಬಂದಿ:
ಸಿಓಟುಗೆ ಮುಳ್ಳು ಇರಂಗಿಲ್ಲ, ತೂಕ ಮಾಡೇ ನೋಡಬೇಕು. ಸಿಲಿಂಡರ್ ಮ್ಯಾಲ ಬರೆದ ತೂಕಕ್ಕ ತಾಳೆ ಹಾಕ್ರಿ. ಹೊಡಿಯೋವಾಗ ಕಪ್ಪು ಹಾರ್ನ್ (ಗ್ಯಾಸ್ ಹೊರಗ ಬರೋ ಅಗಲ ಬಾಯಿ) ಹಿಡೀಬ್ಯಾಡ್ರಿ, ಚಳಿಗೆ ಕೈ ಸುಡ್ತದ.

ಜಿನ್ನಿಂಗ್ ಸೂಪರ್‌ವೈಸರ್, ರಾಯಚೂರು:
ಈಗಷ್ಟೇ ಹತ್ತಿ ತೂಗೋ ಕಾಟಾದ ಮ್ಯಾಲಿಟ್ಟು ನೋಡಿದೆ. 4.5 ಕೆಜಿ ಗ್ಯಾಸ್ ಇರಬೇಕಾಗಿತ್ತು, 2 ಕೆಜಿನೂ ಇಲ್ಲ. ನಾಳೆ ಮುಂಜಾನೆ ರೀಫಿಲ್‌ಗೆ ಕಳಿಸ್ತೀನ್ರಿ.