ಅಟ್ಟದ ಹಳೆಯ ಬಗ್ಗಿಯನ್ನು ಎಬ್ಬಿಸಲೇ, ಹೊಸದು ತರಲೇ? ಅನುಭವಸ್ಥರು ತಿಳಿಸಿ

ಅರಸೀಕೆರೆ ರಸ್ತೆ, ಹಾಸನ

ನಮಸ್ಕಾರ. ಸೋದರಮಾವ ಮಸ್ಕತ್‌ನಲ್ಲಿದ್ದ ಕಾಲದಲ್ಲಿ ತಂದಿದ್ದ ಆರ್‌ಸಿ10 ರಿಮೋಟ್ ಬಗ್ಗಿ (ಮಣ್ಣಿನಲ್ಲಿ ಓಡಿಸುವ ಆಟದ ಕಾರು) ಅಟ್ಟ ಗುಡಿಸುವಾಗ ಸಿಕ್ಕಿದೆ. ಚಿನ್ನದ ಬಣ್ಣದ ಅಲ್ಯೂಮಿನಿಯಂ ಷಾಸಿ, ಆರು ಗೇರಿನ ಪೆಟ್ಟಿಗೆ (ಒಳಗೆ ಆರು ಹಲ್ಲುಚಕ್ರ). ಒಂಬತ್ತನೇ ತರಗತಿಯ ಮಗಳಿಗೆ ಇದನ್ನು ಓಡಿಸುವ ಹುಚ್ಚು ಹತ್ತಿದೆ. ಕೈಯಲ್ಲಿರುವುದು ₹25,000. ಇದನ್ನೇ ರಿಪೇರಿ ಮಾಡಿಸಲೇ, ನಡುವೆ ಮೋಟಾರ್ ಇರುವ ಈಗಿನ ಕಾಲದ್ದನ್ನು ತರಿಸಲೇ, ಅಥವಾ ಚೀನಾದ ಚಿಕ್ಕ ಅಳತೆಯ ನಾಲ್ಕು ಚಕ್ರ ಚಾಲನೆಯದು ಸಾಕೇ? ಓಡಿಸುವುದು ಮನೆಯ ಹಿಂದಿನ ಖಾಲಿ ಸೈಟಿನಲ್ಲಿ. ಕೆಂಪು ಮಣ್ಣು, ಬೇಸಿಗೆಯಲ್ಲಿ ದೂಳು, ಮಳೆಗಾಲದಲ್ಲಿ ಅಂಟು.

ಚಿನ್ನದ ತೊಟ್ಟಿ, ಚಿಕ್ಕಮಗಳೂರು

ರಿಪೇರಿ ಮಾಡಿಸಿ, ಎರಡನೇ ಮಾತೇ ಇಲ್ಲ. ನನ್ನದೂ ಅದೇ ಬಗ್ಗಿ. 1984ರಲ್ಲಿ ಅದು ಬರುವ ಮುಂಚೆ ಬಗ್ಗಿ ಎಂದರೆ ದೊಡ್ಡ ಕಾರಿನ ಚಿಕ್ಕ ನಕಲು. 1979ರ ತಮಿಯಾ ರಫ್ ರೈಡರ್, ಸ್ಯಾಂಡ್ ಸ್ಕಾರ್ಚರ್‌ಗಳಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್‌ನ ಸಸ್ಪೆನ್ಷನ್ನನ್ನೇ ಲೋಹದಲ್ಲಿ ಎರಕ ಹೊಯ್ದು ಕೂರಿಸಿದ್ದರು. ನೋಡಲು ಚೆಂದ, ಸ್ಪರ್ಧೆಗೆ ಭಾರ. ಅಸೋಸಿಯೇಟೆಡ್ ಕಂಪನಿಯ ರೋಜರ್ ಕರ್ಟಿಸ್ ನಕಲಿನ ಗೋಜಿಗೇ ಹೋಗಲಿಲ್ಲ. ತೊಟ್ಟಿಯಾಕಾರದ ಅಲ್ಯೂಮಿನಿಯಂ ಷಾಸಿ, ಚಕ್ರ ಹಿಡಿದಿಡುವ ಉದ್ದನೆಯ ನೈಲಾನ್ ತೋಳುಗಳು, ನಾಲ್ಕೂ ಕಡೆ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್. ಮರುವರ್ಷ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ಮೊದಲ ವಿಶ್ವ ಸ್ಪರ್ಧೆ ನಡೆದಾಗ ಜೇ ಹಾಲ್ಸಿ ಇದರಲ್ಲೇ ಎರಡು ಚಕ್ರ ಚಾಲನೆಯ ವಿಭಾಗ ಗೆದ್ದ. ಈಗಿನ ಯಾವ ಬಗ್ಗಿಯನ್ನಾದರೂ ಬಿಚ್ಚಿ ನೋಡಿ, ಮೂಲ ವಿನ್ಯಾಸ ಇಲ್ಲಿಂದಲೇ ಬಂದದ್ದು.

ನನ್ನ ಖರ್ಚು ಕೇಳಿ. ಹಳೆಯ ನೈಲಾನ್ ಒಣಗಿ ಹಪ್ಪಳವಾಗಿತ್ತು. ಹೊರದೇಶದ ಒಬ್ಬ ಮಾರಾಟಗಾರ ‘ಹೊಸದಾಗಿ ಅಚ್ಚು ಹೊಯ್ದದ್ದು’ ಎಂದು ಕಳಿಸಿದ ತೋಳುಗಳಿಗೆ ₹3,200. ಮೊದಲ ಜಿಗಿತಕ್ಕೇ ಮುರಿದವು. ಕೇಳಿದರೆ ‘ಅದು ಶೋಕೇಸಿಗೆ ಮಾತ್ರ’ ಎಂದ! 2013ರಲ್ಲಿ ಕಂಪನಿಯೇ ಮತ್ತೆ ಹೊರತಂದ ಕಿಟ್ಟಿನ ತೋಳುಗಳು ಒಬ್ಬರ ಬಳಿ ಸಿಕ್ಕವು, ₹4,100. ಬೇರಿಂಗ್ ₹1,100. ಶಾಕಿನ ಸೀಲು, ಎಣ್ಣೆ ₹850. ವೇಗ ನಿಯಂತ್ರಿಸುವ ಮೂರು ಹಂತದ ಹಳೆಯ ತಂತಿ ಸುರುಳಿಯ ಕಂಟ್ರೋಲರ್ ಕಿತ್ತು ಎಲೆಕ್ಟ್ರಾನಿಕ್ ಹಾಕಿದ್ದಕ್ಕೆ ₹1,900. ಮೋಟಾರ್ ₹1,250, ಚಕ್ರ ತಿರುಗಿಸುವ ಸರ್ವೋ ₹1,600. ಕ್ರಿಸ್ಟಲ್ ಹಾಕುವ ಹಳೆಯ ರೇಡಿಯೋ ಬದಲು 2.4 ಗಿಗಾಹರ್ಟ್ಸ್‌ನದು ₹3,800. ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ₹2,400. ಮುಳ್ಳು ಟೈರು ₹2,700. ಒಟ್ಟು ₹22,900. ಚಾರ್ಜರ್ ಇದರಲ್ಲಿ ಸೇರಿಲ್ಲ.

ಇಷ್ಟಾದ ಮೇಲೆ ಹೇಳುತ್ತೇನೆ, ನಮ್ಮ ಮಾಘ–ಫಾಲ್ಗುಣದ ಹುಡಿಮಣ್ಣಿಗೆ ಹಿಂದೆ ಮೋಟಾರ್ ಇರುವ ಬಗ್ಗಿಯೇ ಸರಿ. ತೂಕ ಹಿಂದಿನ ಚಕ್ರದ ಮೇಲೆ ಕೂತರೆ ಮಾತ್ರ ಅದು ಮಣ್ಣು ಕಚ್ಚುತ್ತದೆ.

ಮೂಡಿಗೆರೆ ಮಳೆ

ಮೇಲಿನವರು ಇನ್ನೂ 1985ರಲ್ಲೇ ಸುತ್ತು ಹೊಡೆಯುತ್ತಿದ್ದಾರೆ. ನನ್ನ ಲೆಕ್ಕವೂ ಇರಲಿ. ನಡುವೆ ಮೋಟಾರ್ ಇರುವ ಸ್ಪರ್ಧಾ ಕಿಟ್ಟು 2023ರಲ್ಲಿ ತರಿಸಿದೆ. ಕಿಟ್ಟು ₹28,000, ಸಾಗಣೆ ₹4,000. ಆ ವರ್ಷದ ಬಜೆಟ್ಟಿನಲ್ಲಿ ಆಟಿಕೆಗಳ ಮೇಲಿನ ಆಮದು ಸುಂಕ 60ರಿಂದ 70 ಪ್ರತಿಶತಕ್ಕೆ ಏರಿತ್ತು. 2020ಕ್ಕೆ ಮೊದಲು ಅದು 20 ಇತ್ತು ಎಂಬುದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮೂವತ್ತೆರಡು ಸಾವಿರಕ್ಕೆ ಸುಂಕ ₹22,400, ಅದರ ಮೇಲೆ 18 ಪ್ರತಿಶತ ಜಿಎಸ್‌ಟಿ ₹9,792. ಎರಡೂ ಸೇರಿ ₹32,192. ಮಾಲಿಗಿಂತ ತೆರಿಗೆ ₹192 ಹೆಚ್ಚು! ಕೊರಿಯರಿನವರು ‘ನಿರ್ವಹಣಾ ಶುಲ್ಕ’ ಎಂದು ಇನ್ನೂ ₹1,770 ಕಿತ್ತರು. ಪೆಟ್ಟಿಗೆ ತೆರೆದರೆ ಒಂದು ಶಾಕಿನ ಕಡ್ಡಿ ಬಾಗಿತ್ತು. ಮೋಟಾರ್, ಕಂಟ್ರೋಲರ್, ಸರ್ವೋ, ಬ್ಯಾಟರಿ ಎಲ್ಲ ಬೇರೆ. ಒಂದು ಲಕ್ಷ ದಾಟಿದ ಮೇಲೆ ಬರೆದಿಡುವುದನ್ನು ನಿಲ್ಲಿಸಿದೆ.

ಆದರೂ ಇದನ್ನೇ ಕೊಳ್ಳಿ ಎನ್ನುತ್ತೇನೆ. ವಿನ್ಯಾಸ ಬದಲಾದದ್ದು ಫ್ಯಾಷನ್ನಿಗಲ್ಲ. ಯೂರೋಪಿನ ಕ್ಲಬ್ಬುಗಳು ಹುಲ್ಲುಹಾಸು, ಕಾರ್ಪೆಟ್ಟಿನ ಮೇಲೆ ಓಡಿಸತೊಡಗಿದವು. ಹಿಡಿತ ಹೆಚ್ಚಾದ ಮೇಲೆ ಹಿಂದೆ ತೂಗುವ ಮೋಟಾರ್ ಹೊರೆಯಾಯಿತು. ಹಿಂಭಾಗ ಲೋಲಕವಾಡುತ್ತದೆ, ಮುಂದಿನ ಚಕ್ರ ತಿರುಗಿಸಿದರೂ ಬಗ್ಗಿ ನೆಟ್ಟಗೆ ಹೋಗುತ್ತದೆ. 2011ರ ಟಿಎಲ್‌ಆರ್ 22, 2012ರ ಕ್ಯೋಶೋ ಆರ್‌ಬಿ6 ಬಗ್ಗಿ ಎರಡರಲ್ಲೂ ಮೋಟಾರನ್ನು ಹಿಂದೆ ಅಥವಾ ನಡುವೆ, ಬೇಕಾದ ಹಾಗೆ ಜೋಡಿಸಬಹುದಿತ್ತು. 2014ರಲ್ಲಿ ಅಸೋಸಿಯೇಟೆಡ್‌ನವರೇ ಬಿ5 ಎಂದು ಹಿಂದಿನ ಮೋಟಾರಿನದ್ದು, ಬಿ5ಎಂ ಎಂದು ನಡುವಿನದ್ದು, ಎರಡನ್ನೂ ಮಾರಿದರು. 2016ರ ಬಿ6 ಬರುವ ಹೊತ್ತಿಗೆ ಚರ್ಚೆ ಮುಗಿದಿತ್ತು. ಮಣ್ಣಿಗೆಂದೇ ತಂದ ಬಿ6ಡಿಯಲ್ಲೂ ಮೋಟಾರ್ ನಡುವೆಯೇ. ತೊಟ್ಟಿಯವರು ಇದಕ್ಕೆ ಉತ್ತರ ಹೇಳಲಿ.

ಚಿನ್ನದ ತೊಟ್ಟಿ

ಹೇಳುತ್ತೇನೆ. ಅಮೆರಿಕದವರು ಮಣ್ಣು ಎನ್ನುವುದು ನೀರು ಹಾಯಿಸಿ, ತುಳಿದು ಗಟ್ಟಿ ಮಾಡಿ, ಕೆಲವು ಕಡೆ ಸಕ್ಕರೆ ಪಾಕವನ್ನೂ ಸುರಿದ ಜೇಡಿ. ಚಪ್ಪಲಿ ಅಂಟಿಕೊಳ್ಳುತ್ತದೆ. ಹಾಸನದ ಖಾಲಿ ಸೈಟಿಗೆ ಪಾಕ ಸುರಿಯುವವರು ಯಾರು? ನಿಮ್ಮ ಗೋದಾಮಿನಲ್ಲಿ ಹುಲ್ಲುಹಾಸು ಹಾಸಿಕೊಂಡಿದ್ದೀರಿ, ಅದನ್ನೇಕೆ ಹೇಳುವುದಿಲ್ಲ?

ಮೂಡಿಗೆರೆ ಮಳೆ

ಮುಚ್ಚಿಟ್ಟಿಲ್ಲ ಸ್ವಾಮಿ. 60ಕ್ಕೆ 30 ಅಡಿ, ಚದರಡಿಗೆ ₹38, ₹68,400. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹೊರಗೆ ಕಾಲಿಡಲಾಗುವುದಿಲ್ಲ. ಆ ನಾಲ್ಕು ತಿಂಗಳು ನಿಮ್ಮ ಚಿನ್ನದ ತೊಟ್ಟಿ ಎಲ್ಲಿ ಓಡುತ್ತದೆ?

ಅಂದ ಹಾಗೆ, ಹುಲ್ಲುಹಾಸಿನ ಹಿಡಿತ ಎಷ್ಟೆಂದರೆ ತಿರುವಿನಲ್ಲಿ ಬಗ್ಗಿ ಪಲ್ಟಿ ಹೊಡೆಯುತ್ತಿತ್ತು. ಗೇರ್ ಪೆಟ್ಟಿಗೆಯನ್ನು ನಿಲ್ಲಿಸಿದ ಭಂಗಿಯಿಂದ ಮಲಗಿಸಿದ ಭಂಗಿಗೆ ಬದಲಿಸಿ ಮೋಟಾರ್ ಕೆಳಗಿಳಿಸಿದ ಮೇಲೆ ನೆಟ್ಟಗಾಯಿತು. ಆ ಭಾಗಗಳಿಗೆ ₹5,600.

ಕಡೂರು ವರ್ಕ್‌ಶಾಪ್

ಕೇಳಿದವರ ಬಳಿ ಇರುವುದು ಇಪ್ಪತ್ತೈದು ಸಾವಿರ. ಒಬ್ಬರು ವಸ್ತುಸಂಗ್ರಹಾಲಯ ತೆರೆಯಿರಿ ಎನ್ನುತ್ತಾರೆ, ಇನ್ನೊಬ್ಬರು ಗೋದಾಮು ಕಟ್ಟಿಸಿ ಎನ್ನುತ್ತಾರೆ. ತೋಟದ ದುಡ್ಡು ಮಾತನಾಡುವುದೇ ಹೀಗೆ.

ನನ್ನ ಬಳಿ ಇರುವುದು ಚೀನಾದ 1:14 ಅಳತೆಯದು (ನಿಜ ಕಾರಿನ ಹದಿನಾಲ್ಕನೇ ಒಂದು ಪಾಲು). ನಾಲ್ಕೂ ಚಕ್ರಕ್ಕೆ ಶಾಫ್ಟಿನಿಂದ ಚಾಲನೆ, ಲೋಹದ ಷಾಸಿ, ಎರಡು ಸೆಲ್ಲಿನ ಲೈಪೋ, ಎಲ್ಲ ಸೇರಿ ₹10,500. ಮೂವತ್ತು ವರ್ಷದ ಹಿಂದೆ ಇಷ್ಟು ವೇಗಕ್ಕೆ ಚಾಂಪಿಯನ್ನರೇ ಹೆಣಗುತ್ತಿದ್ದರು. ಮುರಿದದ್ದನ್ನೂ ಹೇಳುತ್ತೇನೆ. ಮುಂದಿನ ಡಿಫರೆನ್ಷಿಯಲ್‌ನ (ತಿರುವಿನಲ್ಲಿ ಎಡಬಲ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ) ಗೇರು ಹಲ್ಲುದುರಿತು, ₹420. ಮತ್ತೆ ಉದುರಿತು, ಮತ್ತೆ ₹420. ಅಂಗಡಿಯವನು ಮೂರನೆಯದನ್ನು ಕಳಿಸುವಾಗ ಹಿಂದಿನ ಡಿಫರೆನ್ಷಿಯಲ್‌ನದ್ದು ಕಳಿಸಿದ. ವಾಪಸು ಸಾಗಣೆ ₹180 ನನ್ನದೇ ಖರ್ಚಂತೆ. ಕೊನೆಗೆ ಲೇತಿನಲ್ಲಿ ತೆಳು ವಾಷರ್ ಕಡೆದು ಗೇರಿನ ಸಡಿಲ ತೆಗೆದೆ. ಆಮೇಲೆ ತೊಂದರೆ ಇಲ್ಲ. ಸ್ಟೀರಿಂಗ್ ಬುಷ್ ತೆಗೆದು ಬೇರಿಂಗ್ ಹಾಕಿದ್ದಕ್ಕೆ ₹240. ಬ್ರಷ್ ಇರುವ ಮೋಟಾರ್ ಬೇಸಿಗೆಯಲ್ಲಿ ಕಾದು ಸತ್ತಿತು. ಬ್ರಷ್‌ಲೆಸ್ ಜೋಡಿ ₹4,300.

ಬಾಲ್ ಡಿಫರೆನ್ಷಿಯಲ್ ಇರುವ ಯಾವುದನ್ನೂ ಕೊಳ್ಳಬೇಡಿ. ನಮ್ಮ ದೂಳು ಆ ಸಣ್ಣ ಗುಂಡುಗಳ ನಡುವೆ ಸೇರಿದರೆ ಅರೆಯುವ ಕಲ್ಲೇ ಸರಿ. ಸಿಲಿಕೋನ್ ಎಣ್ಣೆ ತುಂಬಿ ಮುಚ್ಚಿದ ಗೇರ್ ಡಿಫರೆನ್ಷಿಯಲ್ ಒಂದೇ ನಮಗೆ.

ಚಿನ್ನದ ತೊಟ್ಟಿ

ಬಾಲ್ ಡಿಫರೆನ್ಷಿಯಲ್ ಬಯ್ಯುವವರಿಗೆ ಅದನ್ನು ಬಿಗಿಯಲು ಬರುವುದಿಲ್ಲ ಎಂದೇ ಅರ್ಥ. ಇಂಗ್ಲೆಂಡಿನ ಸೆಸಿಲ್ ಶುಮಾಕರ್ ಅದನ್ನು ರೂಪಿಸಿದ ಮೇಲೆ ದಶಕಗಳ ಕಾಲ ಲೋಕವೇ ಅದರ ಮೇಲೆ ಓಡಿದೆ. 1987ರಲ್ಲಿ ಜಪಾನಿನ ಮಸಾಮಿ ಹಿರೋಸಾಕಾ ನಾಲ್ಕು ಚಕ್ರದ ವಿಶ್ವ ಪ್ರಶಸ್ತಿ ಗೆದ್ದದ್ದು ಶುಮಾಕರ್ ಕಂಪನಿಯ ಕ್ಯಾಟ್ ಬಗ್ಗಿಯಲ್ಲಿ, ಅದೂ ಬೆಲ್ಟಿನ ಚಾಲನೆಯದು.

ಕಡೂರು ವರ್ಕ್‌ಶಾಪ್

ಇಂಗ್ಲೆಂಡಿನಲ್ಲಿ, ಹುಲ್ಲಿನ ಮೇಲೆ. ಬೆಲ್ಟು ತಂದು ನಮ್ಮ ಬೀರೂರಿನ ನುರುಜುಗಲ್ಲಿನಲ್ಲಿ ಓಡಿಸಿ ಗೌಡರೇ, ಹಲ್ಲುಪುಡಿ ಮಾಡಿ ಕೊಡುತ್ತದೆ. ಬಿಗಿಯಲು ಬರುವುದಿಲ್ಲವೆಂದು ನನಗೆ ಹೇಳುವ ಮೊದಲು, ನಿಮ್ಮ ಆರು ಗೇರಿನ ಪೆಟ್ಟಿಗೆಯನ್ನು ಯಾರ ವರ್ಕ್‌ಶಾಪಿನಲ್ಲಿ ಸರಿಮಾಡಿಸಿದಿರಿ ಎಂದು ಇಲ್ಲಿ ಬರೆಯಿರಿ.

ಸಕಲೇಶಪುರದ ಅಕ್ಕ

ಜಗಳ ನಿಲ್ಲಿಸಿ, ಮಳೆಯ ಮಾತು ಬಂತಲ್ಲ. ನಾನು ಇಟ್ಟುಕೊಂಡಿರುವುದು ಸ್ಯಾಂಡ್ ಸ್ಕಾರ್ಚರ್‌ನ ಮರುತಯಾರಿ, 2010ರಲ್ಲಿ ಬಂದದ್ದು. ಅದರಲ್ಲಿ ರಿಸೀವರ್, ಸರ್ವೋ, ಬ್ಯಾಟರಿ ಎಲ್ಲ ನೀರು ಹೋಗದ ಪಾರದರ್ಶಕ ಪೆಟ್ಟಿಗೆಯೊಳಗಿರುತ್ತವೆ. 1979ರಲ್ಲೇ ಯೋಚಿಸಿದ್ದರು! ಆಮೇಲೆ ಬಂದ ಸ್ಪರ್ಧಾ ಬಗ್ಗಿಗಳು ತೂಕ ಉಳಿಸಲು ಆ ಪೆಟ್ಟಿಗೆಯನ್ನೇ ಬಿಸಾಡಿದವು. ಆಷಾಢದಲ್ಲಿ ಹೇಮಾವತಿ ದಂಡೆಯ ಕೆಸರಿನಲ್ಲಿ ನನ್ನದು ಓಡುತ್ತದೆ. ನಿಧಾನ ಎನ್ನುವವರು ಎನ್ನಲಿ. ಬೆಲೆ ಕೇಳಬೇಡಿ, ಮನೆಯವರಿಗೆ ನಾನು ಹೇಳಿರುವುದು ಅರ್ಧ. ಅವರೂ ಇಲ್ಲಿ ಓದುತ್ತಾರೆ.

ಹೊಗೆಬಂಡಿ, ಆಲ್ದೂರು

ಬ್ಯಾಟರಿ ಆಟಿಕೆಗಳ ಬಗ್ಗೆ ಇಷ್ಟುದ್ದ ಪುರಾಣ! ನಿಜವಾದ ಬಗ್ಗಿ ಎಂದರೆ 1:8 ನೈಟ್ರೋ. 3.5 ಸಿಸಿ ಎಂಜಿನ್, ಮೂರು ಡಿಫರೆನ್ಷಿಯಲ್, ನಾಲ್ಕು ಚಕ್ರಕ್ಕೂ ಶಾಫ್ಟು. ತೊಂಬತ್ತರ ದಶಕದ ಕ್ಯೋಶೋ ಇನ್‌ಫರ್ನೋ ಪಕ್ಕದಲ್ಲಿ ಈಗಿನದ್ದನ್ನು ಇಟ್ಟರೂ ಜೋಡಣೆ ಹೆಚ್ಚುಕಡಿಮೆ ಅದೇ. ಸರಿಯಾಗಿ ಮಾಡಿದ್ದನ್ನು ಬದಲಿಸುವ ಅಗತ್ಯ ಬೀಳುವುದಿಲ್ಲ. 2010ರಲ್ಲಿ ಪಟ್ಟಾಯದಲ್ಲಿ ಕೋಡಿ ಕಿಂಗ್ ವಿಶ್ವ ಪ್ರಶಸ್ತಿ ಗೆದ್ದದ್ದು ಕ್ಯೋಶೋದಲ್ಲೇ. ಅಂತಿಮ ಓಟ ಒಂದು ಗಂಟೆ, ನಿಮ್ಮ ಐದು ನಿಮಿಷದ ಆಟವಲ್ಲ.

ಗೋಳು ಇಂಧನದ್ದು. ಮೆಥನಾಲ್, ನೈಟ್ರೋಮೀಥೇನ್, ಎಣ್ಣೆ ಬೆರೆಸಿದ ಡಬ್ಬಿಯನ್ನು ಕೊರಿಯರಿನವರು ಮುಟ್ಟುವುದಿಲ್ಲ. ಬೆಂಗಳೂರಿನಿಂದ ನಾನೇ ಹೊತ್ತು ತರಬೇಕು. ನಾಲ್ಕು ಲೀಟರಿಗೆ ₹5,200, ಗ್ಲೋ ಪ್ಲಗ್ಗು ಒಂದಕ್ಕೆ ₹650. ಚಳಿಗಾಲದ ಬೆಳಿಗ್ಗೆ ಎಂಜಿನ್ ಎದ್ದೇಳಬೇಕಾದರೆ ತಲೆಗೆ ಬಿಸಿಗಾಳಿ ಊದಬೇಕು. ಜೊತೆಗಿದ್ದವರೆಲ್ಲ ನಾಲ್ಕು ಸೆಲ್ಲಿನ ಲೈಪೋ ಹಾಕಿಕೊಂಡು ಎಲೆಕ್ಟ್ರಿಕ್ಕಿಗೆ ಜಾರಿದರು. ಈಗ ಒಬ್ಬನೇ ಸುತ್ತುತ್ತೇನೆ.

ಮೂಡಿಗೆರೆ ಮಳೆ

ಒಬ್ಬನೇ ಸುತ್ತುವುದು ಯಾರ ಕಣದಲ್ಲಿ ಎಂದೂ ಹೇಳಿ. ಜನವರಿಯಲ್ಲಿ ನಮ್ಮ ಭಾವನವರ ಕಣದ ಒಂದು ಬದಿಯಲ್ಲಿ ಒಣಹಾಕಿದ ಕಾಫಿ ಪಾರ್ಚ್‌ಮೆಂಟ್ ಹರಡಿತ್ತು, ಇನ್ನೊಂದು ಬದಿಯಲ್ಲಿ ನಿಮ್ಮ ಹೊಗೆ. ಆ ಸೈಲೆನ್ಸರ್ ಉಗುಳುವುದು ಬರಿ ಹೊಗೆಯಲ್ಲ, ಸುಡದ ಎಣ್ಣೆ. ಕಾಫಿ ವಾಸನೆ ಹೀರುತ್ತದೆ ಎಂಬುದು ತೋಟದವರಿಗೆ ಬಿಡಿಸಿ ಹೇಳಬೇಕೇ?

ಹೊಗೆಬಂಡಿ

ಟಾರ್ಪಾಲು ಮುಚ್ಚಿದ ಮೇಲೆಯೇ ಓಡಿಸಿದ್ದು. ನಿಮ್ಮ ಭಾವನವರೇ ಎರಡು ಸುತ್ತು ಓಡಿಸಿ ನಕ್ಕಿದ್ದರು.

ಅರಸೀಕೆರೆ ರಸ್ತೆ

ಎಲ್ಲರಿಗೂ ಧನ್ಯವಾದ. ಒಂದು ಸಣ್ಣ ಪ್ರಶ್ನೆ, ಹಳೆಯ ಬಗ್ಗಿಗೆ ಲೈಪೋ ಹಾಕಿದರೆ ಆರು ಗೇರಿನ ಪೆಟ್ಟಿಗೆ ತಡೆಯುತ್ತದೆಯೇ? ಮಗಳು ಈಗಾಗಲೇ ತೋಳುಗಳನ್ನು ಬಿಚ್ಚಿಟ್ಟಿದ್ದಾಳೆ.

ಚಿನ್ನದ ತೊಟ್ಟಿ

ಮೊದಲು ಷಾಸಿಯ ಕಥೆ ಮುಗಿಸುತ್ತೇನೆ. ಅಲ್ಯೂಮಿನಿಯಂ ಹಳೆಯದಾಯಿತು ಎಂದು ಅಣಕಿಸುವವರು ಗಮನಿಸಿ. ಅದೇ ಅಸೋಸಿಯೇಟೆಡ್ ಕಂಪನಿಯ 2003ರ ಬಿ4ರಲ್ಲಿ ಅಚ್ಚು ಹೊಯ್ದ ಪ್ಲಾಸ್ಟಿಕ್ ಷಾಸಿ ಇತ್ತು, ಹನ್ನೊಂದು ವರ್ಷಕ್ಕೆ ಬಿ5ರಲ್ಲಿ ಮತ್ತೆ ಅಲ್ಯೂಮಿನಿಯಂ. ಲೈಪೋ ಬಂದ ಮೇಲೆ ಬ್ಯಾಟರಿ ಹಗುರವಾಯಿತು, ಉಳಿದ ತೂಕವನ್ನು ಷಾಸಿಯಲ್ಲೇ ತಳಕ್ಕೆ ಇಳಿಸಬಹುದಾಯಿತು. ಯಾರು ಯಾರ ಹಾದಿಗೆ ಮರಳಿದರು?

ಕಡೂರು ವರ್ಕ್‌ಶಾಪ್

ಕೇಳಿದವರೇ, ತಡೆಯುತ್ತದೆ. ಹಳೆಯ ಆರು ನಿಕಲ್–ಕ್ಯಾಡ್ಮಿಯಂ ಸೆಲ್ಲಿಗೆ 7.2 ವೋಲ್ಟ್, ಎರಡು ಸೆಲ್ಲಿನ ಲೈಪೋಗೆ 7.4. ವ್ಯತ್ಯಾಸ ಅಷ್ಟೇ. ಬ್ರಷ್‌ಲೆಸ್ ಮಾತ್ರ ಹಾಕಬೇಡಿ, ಅದರ ಎಳೆತಕ್ಕೆ ಆ ಗೇರುಗಳು ಮಾಡಿದವಲ್ಲ. ತೋಳು ಬೇಕಾದರೆ ಕಳಿಸಿಕೊಡಿ, ಅಳತೆ ನೋಡಿ ಕಡೆದು ಕೊಡುತ್ತೇನೆ. ತೊಟ್ಟಿಯವರು ಕೊಟ್ಟ ₹4,100 ಬೇಕಿಲ್ಲ.

ಚಿನ್ನದ ತೊಟ್ಟಿ

ಡೆಲ್ರಿನ್ (ಬಿರುಸಾದ ಪ್ಲಾಸ್ಟಿಕ್) ಕಡೆದ ತೋಳು ಬಾಗುವುದಿಲ್ಲ, ಪೆಟ್ಟನ್ನೆಲ್ಲ ಷಾಸಿಗೆ ದಾಟಿಸಿ ಅದನ್ನು ಬಾಗಿಸುತ್ತದೆ. ಮೂಲ ಷಾಸಿ ಹಾಳುಮಾಡುವ ಸಲಹೆ ಕೊಡಬೇಡಿ.

ಕಡೂರು ವರ್ಕ್‌ಶಾಪ್

ಡೆಲ್ರಿನ್ ಎಂದು ನಾನೆಲ್ಲಿ ಹೇಳಿದೆ? ನೈಲಾನ್ ಗಟ್ಟಿ ತರಿಸಿಟ್ಟಿದ್ದೇನೆ, ಬಂದು ನೋಡಿ.

ಮೂಡಿಗೆರೆ ಮಳೆ

ಹೊಗೆಬಂಡಿಯವರೇ, ಟಾರ್ಪಾಲಿನ ಮೇಲೆ ಟೈರಿನ ಗುರುತು ಬಿದ್ದಿದೆ, ಒಂದು ಮೂಲೆ ಹರಿದಿದೆ. ಹೊಸದಕ್ಕೆ ₹3,400. ಭಾವನವರು ನಕ್ಕದ್ದು ಅದನ್ನು ನೋಡುವ ಮೊದಲು.

ಹೊಗೆಬಂಡಿ

ಅರ್ಧ ಕೊಡುತ್ತೇನೆ. ಉಳಿದರ್ಧ ಆ ದಿನ ಅಡ್ಡಬಂದ ನಿಮ್ಮ ಎಲೆಕ್ಟ್ರಿಕ್ ಬಗ್ಗಿಯ ಲೆಕ್ಕಕ್ಕೆ.